ಓದು ಹಿಂದೆ ಬಿದ್ದಾಗ, ಮನಸ್ಸು ಕುಗ್ಗಿದಾಗ: ಕ್ರೈಸ್ತ ಶಾಲೆಯಲ್ಲಿ ಮಗುವಿಗೆ ಸಿಗಬೇಕಾದ ನೆರವು

ಬಹಳಷ್ಟು ಕ್ರೈಸ್ತ ಶಾಲೆಗಳಲ್ಲಿ ಮಕ್ಕಳ ನೆರವಿಗೆ ಮೂರು ಬೇರೆ ಬೇರೆ ಜನ ಇರುತ್ತಾರೆ. ಓದು ಬರಹ ಕಷ್ಟವಾದವರಿಗೆ ಕಲಿಕಾ ಬೆಂಬಲದ ಟೀಚರ್. ಮನಸ್ಸು ಭಾರವಾದವರಿಗೆ ಕೌನ್ಸೆಲರ್. ದೇವರು, ಪ್ರಾರ್ಥನೆ, ಸಾವು, ಪಾಪ ಅಂತೆಲ್ಲ ಪ್ರಶ್ನೆ ಇರುವವರಿಗೆ ಚಾಪ್ಲಿನ್. ಚಾಪ್ಲಿನ್ ಅಂದರೆ ಶಾಲೆಯ ಪಾದ್ರಿ, ಪಾಸ್ಟರ್, ಸಿಸ್ಟರ್ ಅಥವಾ ಆ ಕೆಲಸಕ್ಕೆಂದೇ ತರಬೇತಿ ಪಡೆದ ಬೇರೆ ಯಾರಾದರೂ ಆಗಿರಬಹುದು. ಏರ್ಪಾಡು ಚೆನ್ನಾಗಿಯೇ ಇದೆ. ಆದರೆ ಯಾವ ಮಗುವೂ ತನ್ನ ಕಷ್ಟವನ್ನು ಮೂರು ಪಾಲು ಮಾಡಿಕೊಂಡು ಶಾಲೆಗೆ ಬರುವುದಿಲ್ಲ.

ನಾಲ್ಕನೇ ತರಗತಿಯ ಒಬ್ಬ ಹುಡುಗನಿಗೆ ಓದಲು ಕಷ್ಟ ಅಂದುಕೊಳ್ಳಿ. ಗಟ್ಟಿಯಾಗಿ ಓದಿಸುವ ದಿನ ಅವನಿಗೆ ಬೆಳಿಗ್ಗೆಯೇ ಹೊಟ್ಟೆನೋವು. ಡಾಕ್ಟರ್ ನೋಡಿದರೆ ಏನೂ ಇಲ್ಲ. ಮನೆಯಲ್ಲಿ ನೆಪ ಅನ್ನುತ್ತಾರೆ, ತರಗತಿಯಲ್ಲಿ ಸೋಮಾರಿ ಅನ್ನುತ್ತಾರೆ. ಅವನೋ ರಾತ್ರಿ ಹಾಸಿಗೆಯಲ್ಲಿ ನನ್ನನ್ನೂ ಜಾಣನನ್ನಾಗಿ ಮಾಡಪ್ಪಾ ಅಂತ ಪ್ರಾರ್ಥಿಸುತ್ತಾನೆ. ಏನೂ ಬದಲಾಗದಿದ್ದಾಗ ದೇವರಿಗೂ ನಾನು ಬೇಡ ಅಂದುಕೊಳ್ಳುತ್ತಾನೆ. ಇದು ಕಲಿಕೆಯ ಸಮಸ್ಯೆಯೋ, ಮನಸ್ಸಿನದೋ, ನಂಬಿಕೆಯದೋ? ಮೂರೂ ಹೌದು. ಈ ಮೂರು ಎಳೆಗಳನ್ನು ಒಟ್ಟಿಗೆ ಹಿಡಿಯುವ ಶಾಲೆ ಮಾತ್ರ ಇಂಥ ಮಗುವಿಗೆ ನಿಜವಾಗಿ ನೆರವಾಗಬಲ್ಲದು. ಒಟ್ಟಿಗೆ ಹಿಡಿಯುವುದು ಅಂದರೆ ಒಂದರ ಕೆಲಸವನ್ನು ಇನ್ನೊಂದರ ಮೇಲೆ ಹೊರಿಸುವುದಲ್ಲ. ಪ್ರಾರ್ಥನೆ ಅಕ್ಷರ ಕಲಿಸುವುದಿಲ್ಲ. ಅಕ್ಷರ ಕಲಿತ ಮಾತ್ರಕ್ಕೆ ಮನಸ್ಸಿನ ಗಾಯ ಮಾಯುವುದೂ ಇಲ್ಲ.

ಈ ಕೆಲಸ ಹೊಸದಲ್ಲ

ಕಲಿಕಾ ಬೆಂಬಲ ಅಂದರೆ ಇತ್ತೀಚೆಗೆ ಬಂದ ಸರಕಾರಿ ನಿಯಮ ಅಂತ ಕೆಲವರು ಅಂದುಕೊಳ್ಳುತ್ತಾರೆ. ಕ್ರೈಸ್ತ ಪರಂಪರೆಯಲ್ಲಿ ಅದರ ಬೇರು ಬಹಳ ಹಳೆಯದು. ಕಿವುಡ ಮಕ್ಕಳಿಗೆ ಕಲಿಸಲು ಆಗುವುದೇ ಇಲ್ಲ ಎಂದು ಯೂರೋಪ್ ನಂಬಿದ್ದ ಕಾಲದಲ್ಲಿ, 16ನೇ ಶತಮಾನದಲ್ಲಿ, ಸ್ಪೇನ್‌ನ ಬೆನೆಡಿಕ್ಟೀನ್ ಸನ್ಯಾಸಿ ಪೆದ್ರೊ ಪೋನ್ಸೆ ದೆ ಲೆಯೋನ್ ತನ್ನ ಮಠದಲ್ಲಿ ಕಿವುಡ ಹುಡುಗರಿಗೆ ಓದು ಬರಹ ಕಲಿಸಿದ. 18ನೇ ಶತಮಾನದ ಪ್ಯಾರಿಸ್‌ನಲ್ಲಿ ಶಾರ್ಲ್-ಮಿಶೆಲ್ ದೆ ಲೆಪೆ ಎಂಬ ಪಾದ್ರಿ ಕಿವುಡರಾದ ಇಬ್ಬರು ಅಕ್ಕತಂಗಿಯರನ್ನು ಕಂಡರು. ಈ ಮಕ್ಕಳಿಗೆ ಧರ್ಮದ ಪಾಠ ಹೇಗೆ ಮುಟ್ಟಬೇಕು ಎಂಬ ಚಿಂತೆಯಿಂದ ಅವರ ಕೆಲಸ ಶುರುವಾಯಿತು. ಮಕ್ಕಳು ನನ್ನ ದಾರಿಗೆ ಬರಲಿ ಅನ್ನಲಿಲ್ಲ, ಅವರ ಕೈಸನ್ನೆಗಳನ್ನೇ ತಾವು ಕಲಿತು ಅದರಲ್ಲೇ ಪಾಠ ಮಾಡಿದರು. ಕಲಿಕಾ ಬೆಂಬಲದ ತಿರುಳು ಇಷ್ಟೇ. ಮಗು ಕಲಿಯುತ್ತಿಲ್ಲ ಅಂದರೆ ಮೊದಲು ಕಲಿಸುವ ರೀತಿಯನ್ನು ಬದಲಿಸಿ ನೋಡಬೇಕು.

ಮನಸ್ಸಿನ ಕಡೆಯ ಬೇರು ಇಟಲಿಯ ಟುರಿನ್‌ನಲ್ಲಿ ಸಿಗುತ್ತದೆ. ಡಾನ್ ಬೋಸ್ಕೊ ಎಂಬ ಪಾದ್ರಿ ಅಲ್ಲಿ ಬೀದಿ ಹುಡುಗರ ನಡುವೆ ಬದುಕಿದವರು. 1877ರಲ್ಲಿ ಅವರು ತಮ್ಮ ವಿಧಾನವನ್ನು ಬರೆದಿಟ್ಟರು. ತಪ್ಪು ಮಾಡಿದ ಮೇಲೆ ಶಿಕ್ಷಿಸುವ ಬದಲು, ತಪ್ಪು ಆಗದ ಹಾಗೆ ಮಗುವಿನ ಜೊತೆಗಿರುವುದು ಆ ವಿಧಾನ. ತಿಳಿಹೇಳುವುದು, ಧರ್ಮ, ಅಕ್ಕರೆ ಅದರ ಮೂರು ಕಂಬಗಳು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಾರೆ ಎಂಬುದು ಮಕ್ಕಳಿಗೆ ಗೊತ್ತಾಗಬೇಕು ಎಂಬುದು ಅವರ ನಿಲುವಾಗಿತ್ತು. ಇವತ್ತಿನ ಶಾಲಾ ಮನಶ್ಶಾಸ್ತ್ರವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಶಾಲೆಯಲ್ಲಿ ತನ್ನ ಹೆಸರು ಹಿಡಿದು ಮಾತಾಡಿಸುವ, ಬಾರದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳುವ ಒಬ್ಬ ದೊಡ್ಡವರಾದರೂ ಇದ್ದರೆ ಮಗುವಿಗೆ ಅದು ದೊಡ್ಡ ಆಸರೆ.

ಹಕ್ಕಿನ ಮಾತು ಬಂದದ್ದು ಆಮೇಲೆ. 1994ರಲ್ಲಿ ಸ್ಪೇನ್‌ನ ಸಲಮಾಂಕಾದಲ್ಲಿ ಸೇರಿದ ದೇಶಗಳು, ಎಲ್ಲ ಮಕ್ಕಳೂ ಸಾಮಾನ್ಯ ಶಾಲೆಯಲ್ಲೇ ಕಲಿಯುವಂತಾಗಬೇಕು ಎಂದು ಘೋಷಿಸಿದವು. 2006ರಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಪ್ಪಂದವನ್ನು ಅಂಗೀಕರಿಸಿತು. ಅದರ 24ನೇ ವಿಧಿ ಮಗುವಿಗೆ ಬೇಕಾದ ಹೊಂದಾಣಿಕೆಗಳನ್ನು ಮಾಡಿಕೊಡಬೇಕು ಅನ್ನುತ್ತದೆ. ಹಾಗಾಗಿ ಕ್ರೈಸ್ತ ಶಾಲೆ ಕೊಡುವ ನೆರವು ಬರೀ ದಯೆಯಲ್ಲ. ಅದರಲ್ಲಿ ಮಗುವಿನ ಹಕ್ಕೂ ಇದೆ.

ಕಷ್ಟ ಎಲ್ಲಿದೆ ಅಂತ ಹುಡುಕುವುದು

ಒಳ್ಳೆಯ ಶಾಲೆ ನೇರವಾಗಿ ಮಗುವಿನ ಮೇಲೆ ಹೆಸರಿನ ಚೀಟಿ ಅಂಟಿಸುವುದಿಲ್ಲ. ಮೊದಲು ಸರಳವಾದವನ್ನು ಪರೀಕ್ಷಿಸುತ್ತದೆ. ಕಣ್ಣು ಸರಿಯಿದೆಯೇ? ಕಿವಿ ಸರಿಯಿದೆಯೇ? ಸಾಕಷ್ಟು ನಿದ್ದೆ ಆಗುತ್ತಿದೆಯೇ? 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ತಜ್ಞರ ಸಲಹೆ. ನಿದ್ದೆಗೆಟ್ಟ ಮಗು ಗಮನ ಕೊಡಲಾಗದ ಮಗುವಿನ ಹಾಗೆಯೇ ಕಾಣಬಹುದು.

ಭಾಷೆಯದು ಇನ್ನೊಂದು ಪ್ರಶ್ನೆ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಇದ್ದಾಗ ಎಷ್ಟೋ ಮಕ್ಕಳನ್ನು ಸುಮ್ನೆ ದಡ್ಡರ ಪಟ್ಟಿಗೆ ಸೇರಿಸಿಬಿಡುತ್ತಾರೆ. ಕೆನಡಾದ ಭಾಷಾತಜ್ಞ ಜಿಮ್ ಕಮಿನ್ಸ್ ಇದರ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಆಟದ ಬಯಲಲ್ಲಿ ಹರಟುವಷ್ಟು ಹೊಸ ಭಾಷೆ ಸುಮಾರು 2 ವರ್ಷದಲ್ಲಿ ಬರುತ್ತದೆ. ಆದರೆ ಪಾಠದ ಪುಸ್ತಕದ ಭಾಷೆಯಲ್ಲಿ ಓರಗೆಯವರ ಸಮಕ್ಕೆ ಬರಲು 5ರಿಂದ 7 ವರ್ಷ ಬೇಕಾಗಬಹುದು. ಮಗು ಚೆನ್ನಾಗಿ ಮಾತಾಡುತ್ತದಲ್ಲ, ಬರೆಯಲು ಯಾಕೆ ಆಗುವುದಿಲ್ಲ ಎಂಬ ದೂರಿಗೆ ಉತ್ತರ ಅನೇಕ ಸಲ ಇಲ್ಲೇ ಇರುತ್ತದೆ. ಮನೆಮಾತಿನಲ್ಲೂ ಅದೇ ತೊಡಕು ಇದ್ದರೆ ಮಾತ್ರ ಕಲಿಕೆಯ ನ್ಯೂನತೆಯನ್ನು ಗಂಭೀರವಾಗಿ ಯೋಚಿಸಬೇಕು.

ಇದೆಲ್ಲ ನೋಡಿದ ಮೇಲೂ ಓದು ಏಳುತ್ತಿಲ್ಲ ಅಂದರೆ ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು ಇರಬಹುದು. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಬ್ರಿಟಿಷ್ ವೈದ್ಯರು 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದರು. ಚುರುಕು ಹುಡುಗ, ಕಣ್ಣು ಸರಿಯಿದೆ, ಆದರೂ ಓದಲಾಗದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇವನೇ ಶಾಲೆಗೆ ಜಾಣ ಎಂದು ಅವನ ಮೇಷ್ಟ್ರೇ ಹೇಳಿದ್ದರಂತೆ. ಡಿಸ್ಲೆಕ್ಸಿಯಾ ಬುದ್ಧಿಯ ಕೊರತೆಯಲ್ಲ, ಸೋಮಾರಿತನವೂ ಅಲ್ಲ. ಅಕ್ಷರವನ್ನೂ ಅದರ ಧ್ವನಿಯನ್ನೂ ಜೋಡಿಸುವ ಕೆಲಸ ಮಿದುಳಿನಲ್ಲಿ ಸಲೀಸಾಗಿ ಆಗದಿರುವುದು ಅದರ ಮುಖ್ಯ ಕಾರಣ. ಬರೆದಂತೆ ಓದುವ ಇಟಾಲಿಯನ್, ಫಿನ್ನಿಷ್‌ನಂಥ ಭಾಷೆಗಳಲ್ಲಿ ಅದು ತಪ್ಪು ಓದಿಗಿಂತ ನಿಧಾನ ಓದಾಗಿ ಕಾಣಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ತಪ್ಪುಗಳೂ ಜಾಸ್ತಿ. ಇದಕ್ಕೆ ಬೇಕಾದದ್ದು ಧ್ವನಿಗಳನ್ನು ಒಂದೊಂದಾಗಿ, ಕ್ರಮವಾಗಿ, ಮತ್ತೆ ಮತ್ತೆ ಕಲಿಸುವ ಬೋಧನೆ. ಇನ್ನೂ ಸ್ವಲ್ಪ ಗಮನ ಕೊಟ್ಟು ಓದು ಅಂತ ಹೇಳಿದರೆ ಏನೂ ಆಗುವುದಿಲ್ಲ.

ಯೋಜನೆ ಅಂದರೆ ಏನು

ನೆರವನ್ನು ಸಾಮಾನ್ಯವಾಗಿ ಮೂರು ಹಂತದಲ್ಲಿ ಕೊಡುತ್ತಾರೆ. ಮೊದಲನೆಯದು ಇಡೀ ತರಗತಿಗೆ: ಸೂಚನೆಗಳನ್ನು ಚಿಕ್ಕದಾಗಿ ಹೇಳುವುದು, ಬೋರ್ಡಿನ ಮೇಲೂ ಬರೆಯುವುದು, ಒಂದೇ ವಿಷಯವನ್ನು ಚಿತ್ರದಲ್ಲೂ ಮಾತಿನಲ್ಲೂ ತೋರಿಸುವುದು. ಅದು ಸಾಲದವರಿಗೆ ಕೆಲವು ವಾರ ಸಣ್ಣ ಗುಂಪಿನಲ್ಲಿ ಪಾಠ. ಅದೂ ಸಾಲದವರಿಗೆ ಒಬ್ಬೊಬ್ಬರಿಗೇ ಬೇರೆ ಯೋಜನೆ. ಮೊದಲ ಹಂತವೇ ದುರ್ಬಲವಾಗಿದ್ದರೆ ಮೂರನೆಯದರಲ್ಲಿ ಮಕ್ಕಳು ತುಂಬಿ ತುಳುಕುತ್ತಾರೆ, ಕಲಿಕಾ ಬೆಂಬಲದ ಟೀಚರ್ ಬಳಲಿ ಹೋಗುತ್ತಾರೆ. ಅದಕ್ಕೇ ತರಗತಿಯ ಟೀಚರಿಗೆ ತರಬೇತಿ ಕೊಡುವುದು ಎಲ್ಲಕ್ಕಿಂತ ಲಾಭದ ಕೆಲಸ ಅಂತ ನನ್ನ ಅನಿಸಿಕೆ.

ಒಬ್ಬ ಮಗುವಿನ ಯೋಜನೆಯಲ್ಲಿ ಗುರಿ ಅಳೆಯುವಂತಿರಬೇಕು. ಓದು ಸುಧಾರಿಸಬೇಕು ಅಂತ ಬರೆದರೆ ಅದು ಗುರಿಯಲ್ಲ, ಆಸೆ. ಈ ಅವಧಿ ಮುಗಿಯುವಷ್ಟರಲ್ಲಿ ತನ್ನ ಮಟ್ಟದ ಒಂದು ಪುಟವನ್ನು ಐದಕ್ಕಿಂತ ಕಡಿಮೆ ತಪ್ಪಿನಲ್ಲಿ ಓದುತ್ತಾನೆ ಅಂದರೆ ಅದು ಗುರಿ. ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ಸಲ, ಯಾವಾಗ ಮತ್ತೆ ಕೂತು ನೋಡುತ್ತೇವೆ ಎಂಬುದೂ ಅದರಲ್ಲಿ ಇರಬೇಕು.

ಇಲ್ಲಿ ಪೋಷಕರು ತಿಳಿದಿರಲೇಬೇಕಾದ ಒಂದು ವ್ಯತ್ಯಾಸ ಇದೆ. ಕೆಲವು ಬದಲಾವಣೆ ಕಲಿಯುವ ದಾರಿಯನ್ನು ಮಾತ್ರ ಬದಲಿಸುತ್ತವೆ: ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಪ್ರಶ್ನೆ ಓದಿ ಹೇಳುವವರು, ಬರೆದುಕೊಡುವವರು, ಮುಂದಿನ ಬೆಂಚು. ಮಗು ಕಲಿಯುವ ವಿಷಯ ಎಲ್ಲರದ್ದೇ. ಇನ್ನು ಕೆಲವು ವಿಷಯವನ್ನೇ ಬದಲಿಸುತ್ತವೆ: ತರಗತಿ ಭಿನ್ನರಾಶಿ ಮಾಡುವಾಗ ಈ ಮಗುವಿಗೆ ಕೂಡುವುದು, ಕಳೆಯುವುದು. ಎರಡನೆಯದು ಕೆಲವರಿಗೆ ಬೇಕೇ ಬೇಕು. ಆದರೆ ಅದು ಮುಂದಿನ ಪರೀಕ್ಷೆ, ಪ್ರಮಾಣಪತ್ರಗಳ ಮೇಲೆ ಪರಿಣಾಮ ಬೀರಬಹುದು. ಹಾಗಾಗಿ ಪೋಷಕರ ಜೊತೆ ಬಿಡಿಸಿ ಮಾತಾಡದೆ ಅದನ್ನು ಮಾಡಬಾರದು.

ಹೆಚ್ಚಿನ ಸಮಯ ಕೊಡುವುದು ಉಳಿದವರಿಗೆ ಅನ್ಯಾಯ ಅಲ್ವಾ ಎಂದು ಕೇಳುವವರು ಇದ್ದಾರೆ. ಚರಿತ್ರೆಯ ಪರೀಕ್ಷೆ ಅಳೆಯಬೇಕಾದದ್ದು ಚರಿತ್ರೆಯ ತಿಳಿವಳಿಕೆಯನ್ನು. ನಿಧಾನವಾಗಿ ಓದುವ ಮಗು ಸಮಯ ಸಾಲದೆ ಉತ್ತರ ಬಿಟ್ಟರೆ ನಾವು ಅಳೆದದ್ದು ಅವನ ಓದಿನ ವೇಗವನ್ನು. ಓದಿನ ವೇಗವನ್ನೇ ಅಳೆಯುವ ಪರೀಕ್ಷೆಯಲ್ಲಾದರೆ ಹೆಚ್ಚಿನ ಸಮಯಕ್ಕೆ ಅರ್ಥವಿಲ್ಲ, ಅಲ್ಲಿ ಕೊಡಬೇಕಾಗಿಯೂ ಇಲ್ಲ.

ಪ್ರಾರ್ಥನೆಯೂ ಬೇಕು, ಡಾಕ್ಟರೂ ಬೇಕು

ಈಗ ಮನಸ್ಸಿನ ವಿಷಯಕ್ಕೆ ಬರೋಣ. ಕ್ರೈಸ್ತ ಶಾಲೆಗೆ ವಿಶೇಷ ಬಲವಿರುವುದೂ ವಿಶೇಷ ಅಪಾಯವಿರುವುದೂ ಇಲ್ಲಿಯೇ.

10ರಿಂದ 19 ವರ್ಷದವರಲ್ಲಿ 7 ಜನಕ್ಕೆ ಒಬ್ಬರಿಗೆ ಮಾನಸಿಕ ಆರೋಗ್ಯದ ಸಮಸ್ಯೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 28 ಮಕ್ಕಳ ತರಗತಿಯಲ್ಲಿ ಅಂಥವರು ನಾಲ್ವರು ಇರಬಹುದು. ಭಕ್ತಿಯ ಮನೆಯ ಮಕ್ಕಳೂ ಇದಕ್ಕೆ ಹೊರತಲ್ಲ. ಆದರೆ ಭಕ್ತಿಯ ಮನೆಯ ಮಗುವಿಗೆ ಇನ್ನೊಂದು ಹೊರೆ ಸೇರಿಕೊಳ್ಳುತ್ತದೆ. ನನಗೆ ವಿಶ್ವಾಸ ಕಡಿಮೆ, ಅದಕ್ಕೇ ನಾನು ಹೀಗಿದ್ದೇನೆ ಎಂಬ ತಪ್ಪಿತಸ್ಥ ಭಾವ. ದೊಡ್ಡವರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಇನ್ನೂ ಹೆಚ್ಚು ಪ್ರಾರ್ಥನೆ ಮಾಡು ಎಂದುಬಿಟ್ಟರೆ ಆ ಹೊರೆ ಇಮ್ಮಡಿಯಾಗುತ್ತದೆ.

ಬೈಬಲ್ಲಿನಲ್ಲಿ ಎಲೀಯನ ಕಥೆಯನ್ನು ಓದಿದವರಿಗೆ ಇದು ಹೊಸ ಮಾತಲ್ಲ. ದೊಡ್ಡ ಪ್ರವಾದಿ, ಬಳಲಿ ಬೆದರಿ ಮರುಭೂಮಿಗೆ ಓಡಿಹೋಗಿ, ಪೊದೆಯ ಕೆಳಗೆ ಕೂತು ಸಾವನ್ನು ಬೇಡುತ್ತಾನೆ. ದೇವದೂತ ಬಂದು ಅವನಿಗೆ ಉಪದೇಶ ಮಾಡುವುದಿಲ್ಲ. ಊಟ ಕೊಡುತ್ತಾನೆ, ನೀರು ಕೊಡುತ್ತಾನೆ, ಎಲೀಯ ಮತ್ತೆ ಮಲಗಿದಾಗ ಮಲಗಲು ಬಿಡುತ್ತಾನೆ, ಎಬ್ಬಿಸಿ ಮತ್ತೆ ಊಟ ಕೊಡುತ್ತಾನೆ. ದೇವರ ಜೊತೆಗಿನ ಮಾತುಕತೆ ಅದಾದ ಮೇಲೆ. ಮಗುವಿನ ನೋವಿಗೆ ಎದುರಾದಾಗ ಶಾಲೆ ಯಾವುದನ್ನು ಮೊದಲು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಮಾದರಿ ನನಗೆ ಕಂಡಿಲ್ಲ. 88ನೇ ಕೀರ್ತನೆಯಂತೂ ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಪ್ರಾರ್ಥನೆಯೇ. ಖಿನ್ನತೆಯಲ್ಲಿರುವ ಮಗುವಿಗೆ ಚಾಪ್ಲಿನ್ ಇದನ್ನು ತೋರಿಸಿದರೆ, ಹೀಗೆ ಅನಿಸುವುದು ಪಾಪವಲ್ಲ ಎಂಬುದು ನೂರು ಮಾತಿಲ್ಲದೆ ತಿಳಿಯುತ್ತದೆ.

ಇನ್ನೊಂದು ತೊಂದರೆಯನ್ನು ಕ್ರೈಸ್ತ ಶಾಲೆಗಳು ವಿಶೇಷವಾಗಿ ಗುರುತಿಸಬೇಕು. ಕೆಲವು ಮಕ್ಕಳು ಒಂದೇ ಪ್ರಾರ್ಥನೆಯನ್ನು ಸರಿಯಾಗಿ ಹೇಳಲಿಲ್ಲವೆಂದು ಹತ್ತಾರು ಸಲ ಹೇಳುತ್ತಾರೆ. ಒಂದು ಕೆಟ್ಟ ಯೋಚನೆ ಬಂತೆಂದು ದಿನವಿಡೀ ನರಳುತ್ತಾರೆ. ಒಂದೇ ತಪ್ಪನ್ನು ಮತ್ತೆ ಮತ್ತೆ ಒಪ್ಪಿಕೊಳ್ಳುತ್ತಾರೆ. ನೋಡುವವರಿಗೆ ಇದು ಭಕ್ತಿಯಾಗಿ ಕಾಣಬಹುದು. ಅನೇಕ ಸಲ ಇದು ಓಸಿಡಿ ಎಂಬ ಗೀಳಿನ ಕಾಯಿಲೆಯ ಒಂದು ರೂಪ. ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘವನ್ನು ಕಟ್ಟಿದ ಲೊಯೋಲದ ಇಗ್ನೇಷಿಯಸ್ ಅವರೇ 1522ರಲ್ಲಿ ಮನ್ರೇಸಾ ಎಂಬ ಊರಿನಲ್ಲಿ ಇಂಥ ಯಾತನೆ ಅನುಭವಿಸಿದ್ದರು. ಹಿಂದೆಯೇ ನಿವೇದಿಸಿದ ಪಾಪಗಳನ್ನು ಮತ್ತೆ ಮತ್ತೆ ನಿವೇದಿಸುತ್ತಿದ್ದರು, ಸಾಯುವ ಯೋಚನೆಯೂ ಬಂದಿತ್ತು. ಇಂಥ ಮಗುವಿಗೆ ದೇವರು ಕ್ಷಮಿಸಿದ್ದಾನೆ ಬಿಡು ಅಂತ ದಿನಕ್ಕೆ ಹತ್ತು ಸಲ ಧೈರ್ಯ ಹೇಳಿದರೆ ಗೀಳು ಇನ್ನೂ ಬೆಳೆಯುತ್ತದೆ. ಹೇಳಿದ ಕ್ಷಣ ಸಮಾಧಾನ, ಮರುಕ್ಷಣ ಮತ್ತೆ ಅನುಮಾನ. ಅದಕ್ಕೆ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ಚಿಕಿತ್ಸೆ ಇದೆ, ಅದು ಫಲ ಕೊಡುತ್ತದೆ. ಚಾಪ್ಲಿನ್ ಮತ್ತು ಚಿಕಿತ್ಸಕರು ಒಂದೇ ಮಾತು ಆಡಿದರೆ ಇನ್ನೂ ಬೇಗ.

ಸಾಯಬೇಕು ಅನಿಸುತ್ತದೆ ಎಂದು ಮಗು ಸುಳಿವು ಕೊಟ್ಟರೆ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಆಗುತ್ತದೆ ಎಂಬುದು ತಪ್ಪು ನಂಬಿಕೆ. ಮಗುವನ್ನು ಒಂಟಿಯಾಗಿ ಬಿಡಬಾರದು, ಅಪಾಯದ ವಸ್ತುಗಳನ್ನು ದೂರ ಇಡಬೇಕು, ಅವತ್ತೇ ವೈದ್ಯರ ಸಹಾಯ ಪಡೆಯಬೇಕು. ಜೊತೆಯಲ್ಲಿ ಕೂತು ಪ್ರಾರ್ಥಿಸುವುದಕ್ಕೆ ಇದು ಯಾವುದೂ ಅಡ್ಡಿಯಲ್ಲ.

ಗುಟ್ಟು ಯಾರ ಹತ್ತಿರ ಉಳಿಯುತ್ತದೆ

ಮಕ್ಕಳು ಬಾಯಿಬಿಡುವ ಮೊದಲು ಯೋಚಿಸುವುದು ಇದನ್ನೇ. ಉತ್ತರ ಎಲ್ಲರಿಗೂ ಒಂದೇ ಅಲ್ಲ. ಕೌನ್ಸೆಲರ್ ಗುಟ್ಟು ಕಾಪಾಡುತ್ತಾರೆ, ಆದರೆ ಮಗುವಿಗೋ ಬೇರೆಯವರಿಗೋ ಅಪಾಯವಿದೆ ಅಂದರೆ, ಯಾರಾದರೂ ಮಗುವನ್ನು ಹಿಂಸಿಸುತ್ತಿದ್ದಾರೆ ಅಂದರೆ, ಸಂಬಂಧಪಟ್ಟವರಿಗೆ ತಿಳಿಸುತ್ತಾರೆ. ಕ್ಯಾಥೊಲಿಕ್ ಪಾದ್ರಿ ಪಾಪನಿವೇದನೆಯಲ್ಲಿ ಕೇಳಿದ್ದನ್ನು ಚರ್ಚಿನ ಕಾನೂನಿನ ಪ್ರಕಾರ ಯಾರಿಗೂ ಹೇಳುವಂತಿಲ್ಲ. ಅದೇ ಪಾದ್ರಿ ಚಾಪ್ಲಿನ್ ಆಗಿ ವರಾಂಡದಲ್ಲಿ ನಿಂತು ಕೇಳಿದ ಮಾತಿಗೆ ಪಾಪನಿವೇದನೆಯ ಆ ಕಟ್ಟುಪಾಡು ಇಲ್ಲ. ದೊಡ್ಡವರಿಗೂ ಗೊಂದಲವಾಗುವ ಈ ವ್ಯತ್ಯಾಸವನ್ನು ಮಕ್ಕಳಿಗೆ ಮೊದಲೇ, ಸರಳವಾಗಿ, ಹೇಳಿರಬೇಕು. ಎಲ್ಲವನ್ನೂ ಗುಟ್ಟಾಗಿಡುತ್ತೇನೆ ಎಂದು ಶಾಲೆಯಲ್ಲಿ ಯಾರೂ ಮಾತು ಕೊಡಬಾರದು. ಕೊಟ್ಟು ಮುರಿದರೆ ಆ ಮಗು ಮತ್ತೆ ಮಾತಾಡುವುದು ಕಷ್ಟ.

ಇದು ಎಷ್ಟು ಮುಖ್ಯ ಎಂಬುದನ್ನು ಚರ್ಚುಗಳ ಚರಿತ್ರೆಯೇ ನೋವಿನಿಂದ ಕಲಿಸಿದೆ. ಐರ್ಲೆಂಡ್‌ನಲ್ಲಿ 2009ರಲ್ಲಿ, ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಬಂದ ವಿಚಾರಣಾ ವರದಿಗಳು, ಚರ್ಚ್ ನಡೆಸುತ್ತಿದ್ದ ಸಂಸ್ಥೆಗಳಲ್ಲೂ ಮಕ್ಕಳ ಮೇಲೆ ಹಿಂಸೆ ನಡೆದದ್ದನ್ನು, ದೂರುಗಳನ್ನು ಮುಚ್ಚಿಟ್ಟದ್ದನ್ನು ದಾಖಲಿಸಿದವು. ಹೆಸರು ಕೆಡುತ್ತದೆ ಎಂಬ ಭಯ ಮಗುವಿಗಿಂತ ದೊಡ್ಡದಾದಾಗ ಹೀಗಾಯಿತು. ಆದ್ದರಿಂದ ದೂರು ಬಂದರೆ ಶಾಲೆ ಒಳಗೊಳಗೇ ತೀರ್ಮಾನ ಮಾಡದೆ ಕಾನೂನಿನ ಅಧಿಕಾರಿಗಳಿಗೆ ತಿಳಿಸುತ್ತದೆಯೇ ಎಂಬುದನ್ನು ಪೋಷಕರು ಧಾರಾಳವಾಗಿ ಕೇಳಬಹುದು. ಒಳ್ಳೆಯ ಶಾಲೆಗೆ ಈ ಪ್ರಶ್ನೆಯಿಂದ ಮುಜುಗರವಾಗುವುದಿಲ್ಲ.

ಕ್ಷಮೆಯ ಅವಸರ

ಮಕ್ಕಳು ಮಕ್ಕಳನ್ನೇ ಕಾಡುವ ಪೀಡನೆಯ (ಬುಲ್ಲಿಯಿಂಗ್) ಬಗ್ಗೆ ಒಂದು ಮಾತು ಹೇಳಲೇಬೇಕು. ನಾರ್ವೆಯಲ್ಲಿ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಶಾಲಾ ಪೀಡನೆಯನ್ನು ತಡೆಯುವ ಕೆಲಸ ಕಟ್ಟಿದರು. ಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಇಬ್ಬರ ನಡುವೆ ಬಲದ ಅಂತರವಿರುವುದು, ಈ ಮೂರೂ ಇದ್ದರೆ ಅದು ಪೀಡನೆ, ಬರೀ ಜಗಳ ಅಲ್ಲ ಎಂದು ಅವರು ಬಿಡಿಸಿ ತೋರಿಸಿದರು. ಸಮಬಲದ ಗೆಳೆಯರ ಜಗಳಕ್ಕೆ ಕೈ ಕುಲುಕಿಸುವುದು ಸರಿಹೋಗಬಹುದು. ಪೀಡನೆಗೆ ಅದೇ ಮದ್ದು ಕೊಟ್ಟರೆ ಸೋತವನೇ ಮತ್ತೆ ಸೋಲುತ್ತಾನೆ.

ಕ್ಷಮಿಸು ಎಂದು ಯೇಸು ಹೇಳಿದ್ದಾನೆ ಅಲ್ವಾ, ಈಗಲೇ ಕ್ಷಮಿಸು ಎಂದು ನೊಂದ ಮಗುವನ್ನು ಒತ್ತಾಯಿಸುವುದು ಕ್ರೈಸ್ತ ಶಾಲೆಗಳಲ್ಲಿ ಸುಲಭವಾಗಿ ಆಗಿಬಿಡುತ್ತದೆ. ಕ್ಷಮೆ ದೊಡ್ಡದು ಎಂದು ನಂಬುವವರೇ ಅದನ್ನು ಹೀಗೆ ಅಗ್ಗ ಮಾಡಬಾರದು. ಮೊದಲು ಪೀಡನೆ ನಿಲ್ಲಬೇಕು, ನೊಂದ ಮಗುವಿಗೆ ಸುರಕ್ಷಿತ ಅನಿಸಬೇಕು. ತಪ್ಪು ಮಾಡಿದವನು ಏನು ಮಾಡಿದೆ ಎಂದು ಒಪ್ಪಿಕೊಳ್ಳಬೇಕು, ಸರಿಪಡಿಸಲು ಏನಾದರೂ ಮಾಡಬೇಕು. ಕ್ಷಮೆ ಆಮೇಲೆ, ಮಗುವಿಗೆ ಆದಾಗ. ಪೀಡಿಸಿದ ಮಗುವಿಗೂ ನೆರವು ಬೇಕು. ಅವನ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಯಾರಾದರೂ ವಿಚಾರಿಸಿದ್ದಾರೆಯೇ?

ಶಾಲೆಯ ಸಭೆಗೆ ಹೋಗುವಾಗ

ಕ್ರೈಸ್ತ ಶಾಲೆಗಳಲ್ಲಿ ಬೇರೆ ಧರ್ಮದ ಮಕ್ಕಳೂ, ಯಾವ ಧರ್ಮವನ್ನೂ ಪಾಲಿಸದ ಮನೆಯ ಮಕ್ಕಳೂ ಓದುತ್ತಾರೆ. ಅವರಿಗೂ ಇದೇ ನೆರವು, ಇದೇ ಮಟ್ಟದಲ್ಲಿ ಸಿಗಬೇಕು. ಚಾಪ್ಲಿನ್ ಜೊತೆ ಮಾತಾಡುವುದು ಅವರ ಇಷ್ಟ, ಪ್ರಾರ್ಥನೆ ಷರತ್ತಲ್ಲ.

ಯೋಜನೆಯ ಸಭೆಯಲ್ಲಿ ಮಗುವನ್ನೂ ಕೂರಿಸಿಕೊಳ್ಳಿ. ಪೂರ್ತಿ ಅಲ್ಲದಿದ್ದರೆ ಹತ್ತು ನಿಮಿಷವಾದರೂ. ಸುವಾರ್ತೆಯಲ್ಲಿ ಕುರುಡ ಬಾರ್ತಿಮಾಯ ಎದುರು ನಿಂತಾಗ, ಅವನಿಗೆ ಏನು ಬೇಕು ಎಂಬುದು ಕಣ್ಣಿಗೆ ಕಾಣುತ್ತಿದ್ದರೂ, ನಿನಗೆ ನಾನು ಏನು ಮಾಡಬೇಕು ಎಂದು ಯೇಸು ಅವನನ್ನೇ ಕೇಳುತ್ತಾನೆ. ಎಲ್ಲರ ಎದುರು ಗಟ್ಟಿಯಾಗಿ ಓದಿಸಬೇಡಿ, ಒಬ್ಬನೇ ಇದ್ದಾಗ ಓದುತ್ತೇನೆ ಎಂದು ಆ ನಾಲ್ಕನೇ ತರಗತಿಯ ಹುಡುಗ ಹೇಳಬಹುದು. ಅಷ್ಟಕ್ಕೇ ಅವನ ಹೊಟ್ಟೆನೋವು ಅರ್ಧ ಕಡಿಮೆಯಾದೀತು, ಉಳಿದದ್ದಕ್ಕೆ ಅಕ್ಷರದ ಪಾಠ ಶುರುಮಾಡಬಹುದು.

ಪೋಷಕರು ಹೋಗುವಾಗ ಬರೀ ದೂರು ಒಯ್ಯದೆ ಮಾಹಿತಿಯನ್ನೂ ಒಯ್ದರೆ ಒಳ್ಳೆಯದು: ಕಣ್ಣು ಕಿವಿಯ ಪರೀಕ್ಷೆಯ ವರದಿ, ಹೋಮ್‌ವರ್ಕಿಗೆ ಹಿಡಿಯುವ ಸಮಯ, ಯಾವ ದಿನ ಶಾಲೆ ಬೇಡ ಅನ್ನುತ್ತದೆ, ಯಾವ ಕೆಲಸದಲ್ಲಿ ಮಗು ಮೈಮರೆಯುತ್ತದೆ. ಕಲಿಕಾ ಬೆಂಬಲದ ಟೀಚರ್, ಕೌನ್ಸೆಲರ್, ಚಾಪ್ಲಿನ್ ಒಟ್ಟಿಗೆ ಕೂತು ಮಾತಾಡುತ್ತಾರೆಯೇ ಎಂದು ಕೇಳಿ. ಇಲ್ಲ ಅಂದರೆ, ನಿಮ್ಮ ಮಗುವಿನ ವಿಷಯದಲ್ಲಾದರೂ ಒಮ್ಮೆ ಕೂರಲಿ ಎಂದು ಕೋರಿ. ಶಾಲೆಯಲ್ಲಿ ಮನಶ್ಶಾಸ್ತ್ರಜ್ಞರು ಇಲ್ಲದಿದ್ದರೆ ಹೊರಗಿನ ಯಾರ ಹತ್ತಿರ ಕಳಿಸುತ್ತಾರೆ ಎಂದು ವಿಚಾರಿಸಿ. ಮುಂದಿನ ಸಭೆಯ ದಿನಾಂಕವನ್ನು ಬರೆಸಿಕೊಂಡೇ ಎದ್ದು ಬನ್ನಿ.